ಬಾಣದ ಬುಡದ ಸೀಳು, ಹೆದೆಯ ನಡುವಿನ ದಾರದ ಸುತ್ತು: ಇವಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮರದ ಬಿಲ್ಲಿಗೆ ಹೆದೆ ಮಾಡಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬಿಲ್ಲು, ಹೆದೆ, ಗರಿ, ಬತ್ತಳಿಕೆ ಎಲ್ಲ ತಾನಾಗಿ ಬಂತು. ನಾಕ್, ಸರ್ವಿಂಗ್, ನಾಕ್ ಫಿಟ್ ಈ ಮೂರರಲ್ಲಿ ಸಿಕ್ಕಿಕೊಂಡಿದ್ದೇನೆ. ಹಾಗೇ ಬರೆದುಬಿಡಬಹುದು, ಆದರೆ ನಾಕ್ ಅಂದರೆ ಕ್ರಿಕೆಟ್ ನೆನಪಾಗುತ್ತದೆ, ಸರ್ವಿಂಗ್ ಅಂದರೆ ಯಾರೋ ಅನ್ನ ಬಡಿಸುತ್ತಿದ್ದಾರೆ ಅನ್ನಿಸುತ್ತದೆ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಬಾಣದ ಬುಡದಲ್ಲಿ ಹೆದೆ ಕೂರುವುದಕ್ಕೆ ಒಂದು ಸೀಳು ಇರುತ್ತದೆ, ಅದು ನಾಕ್. ಹೆದೆಯ ನಡುಭಾಗದಲ್ಲಿ, ಬಾಣ ಕೂತು ಬೆರಳು ಎಳೆಯುವ ಜಾಗದಲ್ಲಿ, ಎಳೆಗಳು ಸವೆಯದ ಹಾಗೆ ಬೇರೆ ದಾರವನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ, ಅದು ಸರ್ವಿಂಗ್. ಸವೆತ ತಡೆಯುವುದು ಅದರ ಒಂದು ಕೆಲಸ. ಇನ್ನೊಂದು ಕೆಲಸವೇ ನನ್ನ ತಲೆನೋವು: ಆ ಸುತ್ತಿನ ದಪ್ಪ ಸೀಳಿನ ಅಗಲಕ್ಕೆ ಸರಿಹೊಂದಬೇಕು, ಈ ಹೊಂದಾಣಿಕೆಯೇ ನಾಕ್ ಫಿಟ್.

ಹೊಂದಿದೆಯೋ ಇಲ್ಲವೋ ನೋಡುವುದು ಹೀಗೆ. ಬಿಲ್ಲನ್ನು ಅಡ್ಡ ಹಿಡಿದು, ಹೆದೆಗೆ ಬಾಣ ಸಿಕ್ಕಿಸಿ, ಮೊನೆ ನೆಲದ ಕಡೆ ಮಾಡಿ ತೂಗುಬಿಡಬೇಕು. ಬಾಣ ತನ್ನ ಭಾರ ತಾನೇ ಹೊತ್ತು ನೇತಾಡಬೇಕು. ಆಮೇಲೆ ಪಕ್ಕದಲ್ಲಿ ಹೆದೆಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕಳಚಿ ಬೀಳಬೇಕು. ಜೋರಾಗಿ ತಟ್ಟಿದರೂ ಬೀಳದಿದ್ದರೆ ಬಿಗಿ ಜಾಸ್ತಿ, ಬಿಟ್ಟ ಬಾಣ ಹೆದೆಯಿಂದ ಸಲೀಸಾಗಿ ಬಿಡಿಸಿಕೊಳ್ಳದೆ ಒಂದೊಂದು ಸಲ ಒಂದೊಂದು ಥರ ಹೋಗುತ್ತದೆ. ಸಡಿಲವಾದರೆ ಇನ್ನೂ ಅಪಾಯ. ಎಳೆಯುವಾಗ ಬಾಣ ಹೆದೆಯಿಂದ ಜಾರಿ ಬಿಲ್ಲು ಬರಿದೇ ಹೊಡೆಯಿತು ಅಂದರೆ, ಬಾಣಕ್ಕೆ ಹೋಗಬೇಕಿದ್ದ ಶಕ್ತಿಯೆಲ್ಲ ಬಿಲ್ಲಿಗೇ ಬಡಿದು ಅದು ಮುರಿಯಲೂಬಹುದು.

ಈಗ ಪದಗಳಿಗೆ ಬರೋಣ. ನಾಕ್‌ಗೆ ನನ್ನ ಓಟು 'ಕಚ್ಚು'. ಮರಕ್ಕೆ ಕಚ್ಚು ಹಾಕುವುದು ಅಂತ ಹೇಗೂ ಹೇಳುತ್ತೇವೆ, ಜೊತೆಗೆ ಬೋಲ್ಟು ಕಚ್ಚಿಕೊಂಡಿತು ಅನ್ನುವ ಅರ್ಥವೂ ಇಲ್ಲಿ ಕೂಡಿ ಬರುತ್ತದೆ. ಕಚ್ಚು ಹೆದೆಯನ್ನು ಕಚ್ಚಬೇಕು, ಅಷ್ಟೇ ಅಲ್ವಾ? ಮರದ ಬಾಣಕ್ಕೆ ಗರಗಸದಲ್ಲಿ ಕೊಯ್ಯುವಾಗ ಮರದ ಪದರಗಳಿಗೆ ಅಡ್ಡವಾಗಿ ಕೊಯ್ಯಬೇಕು, ಪದರದ ಗುಂಟ ಕೊಯ್ದರೆ ಹೆದೆಯ ಹೊಡೆತಕ್ಕೆ ಸೀಳಿಹೋಗುತ್ತದೆ. ಅದಕ್ಕೇ ಕಚ್ಚಿನ ಕೆಳಗೆ ದಾರ ಬಿಗಿದು ಕಟ್ಟುವುದೂ ಉಂಟು. ಗೆಳೆಯರೊಬ್ಬರು 'ಪುಂಖ' ಅನ್ನಿ ಎಂದರು. ಪುಂಖಾನುಪುಂಖವಾಗಿ ಅನ್ನುತ್ತೇವಲ್ಲ, ಅದೇ ಪುಂಖ. ಆದರೆ ಅದು ಗರಿ ಇರುವ ಬುಡಕ್ಕೆಲ್ಲ ಸಲ್ಲುವ ಮಾತು, ಹಳಗನ್ನಡದ ಕಡೆಯ ಹಿಳುಕು ಕೂಡ ಹಾಗೇ. ನನಗೆ ಬೇಕಿರುವುದು ಸೀಳೊಂದೇ.

ಸರ್ವಿಂಗ್‌ದು ಬೇರೆ ತೊಡಕು. ಸುತ್ತುವ ದಾರಕ್ಕೂ ಸುತ್ತಿ ಮುಗಿದ ಭಾಗಕ್ಕೂ ಇಂಗ್ಲಿಷಿನಲ್ಲಿ ಅದೊಂದೇ ಪದ. ನಾವು 'ಸುತ್ತುದಾರ', 'ನಡುಸುತ್ತು' ಅಂತ ಬೇರೆ ಮಾಡಿಕೊಂಡರೆ ಲೆಕ್ಕ ಹೇಳುವುದು ಸಲೀಸು. ಸುತ್ತುದಾರ ಹೆದೆಯ ಎರಡೂ ಪಕ್ಕ ಬರುವುದರಿಂದ ಅದರ ದಪ್ಪದಲ್ಲಿ ಆಗುವ ವ್ಯತ್ಯಾಸ ನಡುಸುತ್ತಿನಲ್ಲಿ ಇಮ್ಮಡಿಯಾಗುತ್ತದೆ. 0.021 ಇಂಚಿನ ದಾರ ತೆಗೆದು 0.018 ಇಂಚಿನದು ಸುತ್ತಿದರೆ 0.006 ಇಂಚು, ಅಂದರೆ ಸುಮಾರು 0.15 ಮಿಲಿಮೀಟರ್ ಇಳಿಯುತ್ತದೆ. ಕೇಳುವುದಕ್ಕೆ ಏನೂ ಅಲ್ಲ, ಆದರೆ ತಟ್ಟಿದರೂ ಬೀಳದ ಬಾಣ ಅಷ್ಟಕ್ಕೇ ಬೀಳುವುದುಂಟು. ತೆಳ್ಳಗಾಗಿದ್ದರೆ ದಪ್ಪ ದಾರ ಸುತ್ತಬೇಕು, ಇಲ್ಲವೇ ನಡುವಿನಲ್ಲಿ ಮಾತ್ರ ಒಂದೆರಡು ಎಳೆ ಸೇರಿಸಿ ಮೇಲೆ ಸುತ್ತಬೇಕು. ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ನೂಲಿನ ಹೆದೆಗೆ ಸಾಮಾನ್ಯವಾಗಿ 12ರಿಂದ 16 ಎಳೆ ಇರುತ್ತದೆ, ಬಿಲ್ಲು ಗಡುಸಾದಷ್ಟೂ ಎಳೆ ಜಾಸ್ತಿ. ಡೈನೀಮಾದಂಥ ಗಟ್ಟಿ ನೂಲಿನಲ್ಲಿ ಕಡಿಮೆ ಎಳೆ ಸಾಕಾಗುವುದರಿಂದ ಹೆದೆ ಸಣ್ಣಗಾಗಿ ಈ ತುಂಬುವ ಕೆಲಸ ಮಾಡಲೇಬೇಕಾಗುತ್ತದೆ. ಇನ್ನೊಂದು ಮಾತು, ಹೆದೆಯ ಹುರಿ ಯಾವ ಕಡೆ ತಿರುಗಿದೆಯೋ ಸುತ್ತುದಾರವೂ ಅದೇ ಕಡೆ ತಿರುಗಬೇಕು, ಇಲ್ಲದಿದ್ದರೆ ಬೇಗ ಸಡಿಲವಾಗುತ್ತದೆ. ಪದಚರ್ಚೆಗೆ ಇದು ಬೇಕಿರಲಿಲ್ಲ, ಆದರೂ ಹುರಿ ಅನ್ನುವ ಪದ ಇಲ್ಲಿ ಎಷ್ಟು ಒಪ್ಪುತ್ತದೆ ನೋಡಿ.

ಬೇರೆ ಭಾಷೆಗಳಲ್ಲಿ ಏನಿದೆ ಅಂತಲೂ ನೋಡಿದೆ. ಕೊರಿಯನ್ನರಿಗೆ ಕಚ್ಚು 'ಒನಿ', ದಾರದ ಸುತ್ತು 'ಜೊಲ್ಪಿ', ಎರಡಕ್ಕೂ ಚಿಕ್ಕ ಚೊಕ್ಕ ಪದ. ಜಪಾನಿನ ಬಿಲ್ವಿದ್ಯೆಯಾದ ಕ್ಯೂದೋದಲ್ಲಿ ನಡುಸುತ್ತಿಗೆ 'ನಕಾಜಿಕಾಕೆ' ಅನ್ನುತ್ತಾರೆ. ಸೆಣಬಿನ ಜಾತಿಯ ನಾರಿಗೆ ಅಂಟು ಹಚ್ಚಿ ಹೆದೆಗೆ ಸುತ್ತಿ, ಎರಡು ಪುಟ್ಟ ಮರದ ತುಂಡುಗಳ ನಡುವೆ ಇಟ್ಟು ಉಜ್ಜಿ ನುಣುಪು ಮಾಡುತ್ತಾರೆ. ಕಚ್ಚಿಗೆ ಅವರ ಪದ 'ಹಜು'. ಜಪಾನಿ ಮಾತಿನಲ್ಲಿ 'ಹೀಗೇ ಆಗಬೇಕು, ಆಗಿಯೇ ಆಗುತ್ತದೆ' ಅನ್ನುವ ಅರ್ಥದಲ್ಲಿ ದಿನಾ ಬಳಸುವ 'ಹಜು' ಇದರಿಂದಲೇ ಬಂದದ್ದು, ಕಚ್ಚು ಹೆದೆಗೆ ಕೂರುವಷ್ಟು ಸಹಜ ಅಂತ.

ನಾಕ್ ಫಿಟ್ ಮಾತ್ರ ಇನ್ನೂ ಕಾಡುತ್ತಿದೆ. 'ಬಿಗಿ' ಅಂದರೆ ಬಿಗಿಯಾಗಿಯೇ ಇರಬೇಕು ಅಂದುಕೊಳ್ಳುತ್ತಾರೆ, 'ಹೊಂದಿಕೆ' ಸಪ್ಪೆ. 'ಕಚ್ಚಿನ ಹದ' ಅಂದರೆ ಹೇಗೆ? ಹಿಡಿಯಬೇಕು, ಬಿಡಲೂಬೇಕು, ಎರಡೂ ಹದದಲ್ಲಿ ಬಂತು ಅನ್ನಿಸುತ್ತದೆ. 'ಕಚ್ಚು ಹದವಾಗಿದೆ', 'ಹದಕ್ಕಿಂತ ಬಿಗಿ', 'ಹದ ತಪ್ಪಿದೆ' ಅಂತ ಬರೆದು ನೋಡಿದೆ, ಎಲ್ಲೂ ಎಡವಲಿಲ್ಲ.

ಬಾಣ ಸಿಕ್ಕಿಸುವುದಕ್ಕೆ 'ಹೂಡು', 'ತೊಡು' ಎರಡೂ ಇವೆ. ತೊಟ್ಟ ಬಾಣ ಮತ್ತೆ ತೊಡೆನು ಅಂದ ಕರ್ಣನ ದೆಸೆಯಿಂದ ಎರಡನೆಯದು ಯಾರಿಗೂ ವಿವರಿಸಬೇಕಿಲ್ಲ. ಕೈಪಿಡಿಯಲ್ಲಿ ಯಾವುದು ಇಡಲಿ?

ಇನ್ನು ನಿಮ್ಮನ್ನು ಮುಖ್ಯವಾಗಿ ಕೇಳಬೇಕಿರುವುದು: ಬಾರುಕೋಲಿಗೋ, ಕುಡುಗೋಲಿನ ಹಿಡಿಗೋ, ಬ್ಯಾಟಿನ ಹಿಡಿಗೋ ಹೀಗೆ ಒತ್ತೊತ್ತಾಗಿ ದಾರ ಸುತ್ತುವುದಕ್ಕೆ ನಿಮ್ಮ ಊರ ಕಡೆ ಬೇರೆ ಪದ ಏನಾದರೂ ಇದೆಯಾ? ಇದ್ದರೆ ಯಾವ ಸೀಮೆ ಅಂತ ಸೇರಿಸಿ ಬರೆಯಿರಿ, 'ನಡುಸುತ್ತು' ತೆಗೆದು ಅದನ್ನೇ ಹಾಕುತ್ತೇನೆ.