ದೃಷ್ಟಾಂತದಲ್ಲಿ ಇಬ್ಬರು ಕುರುಡರು, ಬ್ರೂಗಲ್‌ನ ಚಿತ್ರದಲ್ಲಿ ಆರು ಮಂದಿ ಏಕೆ?

ಪ್ರಶ್ನೆ (ಚಿತ್ರಕಲಾ ಶಿಕ್ಷಕ, ಮಂಡ್ಯ):
ಫ್ಲಾಂಡರ್ಸ್ ಪ್ರದೇಶದ ಚಿತ್ರಗಾರ ಪೀಟರ್ ಬ್ರೂಗಲ್ ತೀರಿಕೊಳ್ಳುವ ಹಿಂದಿನ ವರ್ಷ, ಅಂದರೆ 1568ರಲ್ಲಿ, ರಚಿಸಿದ ಕುರುಡರ ಚಿತ್ರದ ಮುದ್ರಿತ ಪ್ರತಿಯೊಂದನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸಬೇಕೆಂದಿದ್ದೇನೆ. ಕುರುಡನಿಗೆ ಕುರುಡ ದಾರಿ ತೋರಿದರೆ ಇಬ್ಬರೂ ಹಳ್ಳಕ್ಕೆ ಬೀಳುತ್ತಾರೆಂದು ಮತ್ತಾಯನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಫರಿಸಾಯರೆಂಬ ಯೆಹೂದಿ ಧಾರ್ಮಿಕ ಪಂಥದವರನ್ನು ಕುರಿತು ಹೇಳುತ್ತಾನೆ. ಅಲ್ಲಿರುವುದು ಇಬ್ಬರೇ. ಚಿತ್ರದಲ್ಲಿ ಆರು ಮಂದಿ ಸಾಲುಗಟ್ಟಿರುವುದೇಕೆ?

ಉತ್ತರ 1 (ಮೈಸೂರು):
ಇಬ್ಬರೇ ಇದ್ದಿದ್ದರೆ ಬಿದ್ದವರು ಕಾಣುತ್ತಿದ್ದರು, ಬೀಳುವ ಬಗೆ ಕಾಣುತ್ತಿರಲಿಲ್ಲ. ಕನ್ನಡದ ಸಾಲನ್ನು ಓದುವಂತೆ ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ: ಹಿಂದಿನವರು ಮುಂದಿನವರನ್ನು ನಂಬಿ ನಡೆಯುತ್ತಿದ್ದಾರೆ, ಮುಂದಿನಿಂದ ಮೂರನೆಯವನು ಕೈಯಲ್ಲಿನ ಕೋಲಿನ ಎಳೆತಕ್ಕೆ ಸಿಕ್ಕಿ ತುದಿಗಾಲಿನ ಮೇಲೆ ನಿಂತಿದ್ದಾನೆ, ಆ ಕೋಲಿನ ಇನ್ನೊಂದು ತುದಿ ಹಿಡಿದ ಎರಡನೆಯವನು ಮುಗ್ಗರಿಸುತ್ತಾ ನಮ್ಮತ್ತ ಮುಖ ತಿರುಗಿಸಿದ್ದಾನೆ, ಮುಂದಾಳು ಆಗಲೇ ಹಳ್ಳದಲ್ಲಿ ಅಂಗಾತ ಬಿದ್ದಿದ್ದಾನೆ. ನಿಮ್ಮ ಮಕ್ಕಳು ನಾಲೆ ಏರಿಯ ಮೇಲೆ ಓಡಾಡುವವರಾದ್ದರಿಂದ ಈ ಇಳಿಜಾರನ್ನು ವಿವರಿಸಬೇಕಾಗಿಲ್ಲ. ಕುರುಡೂ ಒಬ್ಬೊಬ್ಬನದು ಒಂದೊಂದು ಬಗೆ. ಎರಡನೆಯವನ ಕಣ್ಣುಗಳನ್ನೇ ಕಿತ್ತಿದ್ದಾರೆ, ಮೂರನೆಯವನಿಗೆ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ಬಿಳಿ ಹೂವು ಬಿದ್ದಿದೆ ಎಂದು ವೈದ್ಯರು ಗುರುತಿಸಿದ್ದಾರೆ.

ಉತ್ತರ 2 (ಮೈಸೂರು ಶೈಲಿಯ ಚಿತ್ರಗಾರ):
ಪ್ರತಿ ಮಂಕಾಗಿದೆಯೆಂದು ಮುದ್ರಕರನ್ನು ದೂರಬೇಡಿ. ಇದು ತೈಲವರ್ಣವಲ್ಲ, ಅಂಟಿನಲ್ಲಿ ಕಲಸಿದ ಬಣ್ಣವನ್ನು ನಾರುಬಟ್ಟೆಯ ಮೇಲೆ ಹಚ್ಚಿದ್ದು. ಬಟ್ಟೆ ಬಣ್ಣವನ್ನು ಕುಡಿದುಬಿಡುವುದರಿಂದ ಹೊಳಪು ಉಳಿಯುವುದಿಲ್ಲ. ಗೆಸ್ಸೋ (ಬಿಳಿಪುಡಿ, ಅಂಟು ಕಲಸಿದ ಲೇಪ) ಉಬ್ಬಿಸಿ ಚಿನ್ನದ ರೇಕು ಕೂರಿಸುವ ನಮ್ಮ ಕಣ್ಣಿಗೆ ಅದು ಬಡತನದಂತೆ ತೋರಬಹುದು, ಆದರೆ ಆ ಬೂದು ಬಣ್ಣದ ಭಿಕ್ಷುಕರಿಗೆ ಬೇರೇನೂ ಒಪ್ಪುತ್ತಿರಲಿಲ್ಲ. ಮೂಲಕೃತಿ ಇಟಲಿಯ ನೇಪಲ್ಸ್‌ನ ಕಾಪೊಡಿಮೊಂಟೆ ಸಂಗ್ರಹಾಲಯದಲ್ಲಿದೆ. ಅಳತೆ ಸುಮಾರು 86 × 154 ಸೆಂಟಿಮೀಟರ್.

ಉತ್ತರ 3 (ಮಂಡ್ಯ):
ಹಿನ್ನೆಲೆಯ ಚರ್ಚನ್ನೂ ತೋರಿಸಿ. ಬ್ರಸೆಲ್ಸ್ ಬಳಿಯ ಸಿಂಟ್-ಅನ್ನಾ-ಪೇಡೆಯಲ್ಲಿ ಅದು ಇಂದಿಗೂ ನಿಂತಿದೆ. ಅದು ಕುರುಡರಿಗೆ ಕಾಣದ ಆಸರೆಯೋ, ಅವರನ್ನು ಕಾಯಲಾರದ ಕಟ್ಟಡವೋ ಎಂಬ ಚರ್ಚೆ ಮುಗಿದಿಲ್ಲ. ನನಗೆ ಎರಡನೆಯದೇ ಸರಿಯೆನಿಸುತ್ತದೆ. ಅಂದಹಾಗೆ, ಕುರುಡ ನಡೆಸಿದ ಕುರುಡರ ಉಪಮೆ ಕಠೋಪನಿಷತ್ತಿನಲ್ಲೂ ಇದೆ, ಆದರೆ ಅಲ್ಲಿ ಹಳ್ಳವಿಲ್ಲ, ಸುತ್ತಾಟವಷ್ಟೇ ಇದೆ.

ಪ್ರಶ್ನೆ ಕೇಳಿದವರು:
ಇಂದು ಚಿತ್ರದ ಬಲಭಾಗವನ್ನು ರಟ್ಟಿನಿಂದ ಮುಚ್ಚಿ, ಹಿಂದಿನ ಮೂವರನ್ನಷ್ಟೇ ಮೊದಲು ತೋರಿಸಿದೆ. ಜಾತ್ರೆಗೆ ಹೊರಟವರೆಂದು ಮಕ್ಕಳು ಹೇಳಿದರು. ರಟ್ಟನ್ನು ನಿಧಾನವಾಗಿ ಸರಿಸುತ್ತಾ ಹೋದಂತೆ, ಕೋಲು ಕಾಣಿಸಿಕೊಂಡ ಕಡೆ ತರಗತಿ ಸದ್ದಡಗಿತು.