ಎಲ್ಲರೂ ಹೊಗಳುವ ಗೇಮ್ ನಿಮಗೆ ಹಿಡಿಸದೇ ಹೋದದ್ದುಂಟಾ? ರೆಡ್ ಡೆಡ್ 2 ಮುಂದುವರಿಸಲಾ, ಬಿಡಲಾ?

ರಾತ್ರಿಪಾಳಿ:
ನಮಸ್ಕಾರ. ದೀಪಾವಳಿ ಸೇಲಿನಲ್ಲಿ ರೆಡ್ ಡೆಡ್ ರಿಡೆಂಪ್ಶನ್ 2 ತಗೊಂಡೆ, ಹಳೇ ಕಾಲದ ಅಮೆರಿಕದ ದರೋಡೆಕೋರರ ಕಥೆಯ ಗೇಮ್. ಲ್ಯಾಪ್‌ಟಾಪಿನಲ್ಲಿ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್. ಗೇಮ್ ಸರಾಗವಾಗಿ ಓಡುತ್ತೆ, ಆ ತೊಂದರೆ ಇಲ್ಲ. ಹಿಮದ ಭಾಗ ಮುಗಿಸಿ ವ್ಯಾಲೆಂಟೈನ್ ಊರಿಗೆ ಬಂದಿದ್ದೇನೆ. ನೋಡೋಕೆ ತುಂಬಾ ಚೆನ್ನಾಗಿದೆ, ಆದರೆ ಮನಸ್ಸು ಕೂರುತ್ತಿಲ್ಲ. ಡ್ರಾಯರ್ ಎಳೆಯೋದು, ಒಂದೊಂದೇ ಡಬ್ಬಿ ಎತ್ತೋದು, ಜಿಂಕೆ ಚರ್ಮ ಸುಲಿಯೋದು, ಎಲ್ಲದಕ್ಕೂ ಕಾಯಬೇಕು. ಶಿಫ್ಟ್ ಮುಗಿಸಿ ಬಂದ ಮೇಲೆ ನನಗೆ ಸಿಗೋದು ಒಂದು ಗಂಟೆ. ಅರ್ಧ ಗಂಟೆ ಕುದುರೆ ಮೇಲೇ ಹೋಗುತ್ತೆ. ರೀಫಂಡ್ ಗಡುವೂ ದಾಟಿದೆ. ತಡೆದುಕೊಂಡು ಆಡಿದರೆ ಮುಂದೆ ಹಿಡಿಸುತ್ತಾ? ನಿಮಗೆ ಹೀಗಾಗಿದ್ದರೆ ಏನು ಮಾಡಿದಿರಿ, ಹೇಳಿ.

ಮಲ್ನಾಡ್ ಮಳೆ:
ನನ್ನದೂ ಇದೇ ಗೇಮ್. ನಾನು ಬಿಟ್ಟೆ. ಬಿಟ್ಟಿದ್ದಕ್ಕೆ ಬೇಜಾರಿಲ್ಲ, ಅದನ್ನು ಇಳಿಸೋಕೆ ಪಟ್ಟ ಪಾಡಿಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಈ ಗೇಮಿಗೆ 150 ಜಿಬಿ ಜಾಗ ಬೇಕು ಅಂತ ಸ್ಟೋರಲ್ಲೇ ಬರೆದಿರುತ್ತಾರೆ. ನಮ್ಮ ಬ್ರಾಡ್‌ಬ್ಯಾಂಡ್ ಪ್ಲಾನಿನಲ್ಲಿ ತಿಂಗಳ ಡೇಟಾ ಮುಗಿದರೆ ವೇಗ 4 ಎಂಬಿಪಿಎಸ್‌ಗೆ ಇಳಿಯುತ್ತೆ. ಆ ವೇಗದಲ್ಲಿ 100 ಜಿಬಿ ಇಳಿಯೋಕೇ 55 ಗಂಟೆ ಬೇಕು, ಅದೂ ಕರೆಂಟ್ ಒಂದು ಸಲವೂ ಹೋಗದಿದ್ದರೆ. ಆಗ ಜುಲೈ ತಿಂಗಳು. ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಯಾರೂ ಬರೋದಿಲ್ಲ. ಯುಪಿಎಸ್‌ಗೆ 3,200 ಕೊಟ್ಟೆ. ಹಳೇ ಹಾರ್ಡ್ ಡಿಸ್ಕ್ ಮೇಲೆ ಗೇಮ್ ಏಳೋದಿಲ್ಲ ಅಂತ 1 ಟಿಬಿ ಎಸ್‌ಎಸ್‌ಡಿಗೆ 5,400. ಕೊನೆಗೆ ಶಿವಮೊಗ್ಗದಲ್ಲಿ ಚಿಕ್ಕಪ್ಪನ ಮಗನ ಫೈಬರ್ ಕನೆಕ್ಷನ್ನಿನಲ್ಲಿ ಇಳಿಸಿ, ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ ತರೋಣ ಅಂತ ಹೊರಟೆ. ಅವನ ಡಿಸ್ಕ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಿನಲ್ಲಿತ್ತು. 4 ಜಿಬಿ ಮೀರಿದ ಫೈಲ್ ಒಂದೂ ಹತ್ತಲಿಲ್ಲ. ಅದರೊಳಗಿದ್ದ ಮದುವೆ ಫೋಟೋಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಮತ್ತೆ ಮೊದಲಿಂದ ಕಾಪಿ. ಕೊನೇ ಬಸ್ಸೂ ತಪ್ಪಿತು.

ಇಷ್ಟೆಲ್ಲ ಮಾಡಿ ಆಡಿದರೆ? ಊರೆಲ್ಲ ಸುತ್ತೋಕೆ ಬಿಡುವ ಗೇಮ್, ಮಿಶನ್ ಶುರುವಾದ ಕೂಡಲೇ ಮೂಗುದಾರ ಹಾಕುತ್ತೆ. ಹಿಂದಿನಿಂದ ಸುತ್ತಿಹೋಗಿ ಹೊಡೆಯೋಣ ಅಂದ್ರೆ ಮಿಶನ್ ಫೇಲ್. ಜೊತೆಗಾರರನ್ನು ಸ್ವಲ್ಪ ಬಿಟ್ಟು ಹೋದರೂ ಫೇಲ್. ಅವರು ಹೇಳಿದ ಬಂಡೆಯ ಹಿಂದೆಯೇ ಕೂರಬೇಕು. ಅಷ್ಟು ದೊಡ್ಡ ಕಾಡು ಮಾಡಿಟ್ಟು ಹೀಗೆ ಕಟ್ಟಿಹಾಕೋದು ಸರಿಯಲ್ಲ. ಬಿಡಿ ಅಂತಲೇ ನಾನು ಹೇಳೋದು.

ಕಡಲ್ತಡಿ:
ಬಿಡಬೇಡಿ ಮಾರಾಯ್ರೇ. ನನ್ನ ಕಥೆ ಕೇಳಿ.

2022ರ ಫೆಬ್ರವರಿ 25ಕ್ಕೆ ಎಲ್ಡನ್ ರಿಂಗ್ ಬಂದ ದಿನವೇ ಡಿಸ್ಕ್ ತಗೊಂಡವನು ನಾನು. ಶುರುವಿನಲ್ಲೇ ಹತ್ತಾರು ಕೈಯ ಒಂದು ರಾಕ್ಷಸ ಬಂದು ಕೊಂದುಹಾಕುತ್ತೆ. ಅಲ್ಲಿಂದ ಎದ್ದು ಹೊರಗಿನ ಬಾಗಿಲು ತೆರೆದರೆ ಚಿನ್ನದ ಕವಚದ ಕುದುರೆ ಸವಾರ, ಟ್ರೀ ಸೆಂಟಿನೆಲ್. ಅವನ ಹತ್ತಿರ ಹೋದವರೆಲ್ಲ ಸಾಯುತ್ತಾರೆ. ಪಕ್ಕದಿಂದ ದಾಟಿ ಹೋಗು ಅಂತ ಗೇಮ್ ಬಾಯಿಬಿಟ್ಟು ಹೇಳೋದಿಲ್ಲ. ಆಮೇಲೆ ಕೋಟೆ ಬಾಗಿಲಲ್ಲಿ ಮಾರ್ಗಿಟ್ ಅನ್ನೋ ಬಾಸ್, ಅಂದ್ರೆ ದೊಡ್ಡ ಶತ್ರು. ಕೋಲು ಎತ್ತುತ್ತಾನೆ, ಹೊಡೆಯೋದಿಲ್ಲ. ನಾವು ಹೆದರಿ ಉರುಳುತ್ತೇವೆ. ಉರುಳಿ ಎದ್ದ ಮೇಲೆ ಹೊಡೆಯುತ್ತಾನೆ. ಸತ್ತರೆ ಕೂಡಿಟ್ಟ ರೂನ್‌ಗಳು, ಅಂದ್ರೆ ಆ ಗೇಮಿನ ದುಡ್ಡು, ಅಲ್ಲೇ ನೆಲದ ಮೇಲೆ. ತರೋಕೆ ಹೋಗಿ ಮತ್ತೆ ಸತ್ತರೆ ಅವೂ ಹೋದವು.

ಸಿಟ್ಟು ಬಂದು ಡಿಸ್ಕ್ ತೆಗೆದಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ನಮ್ಮ ಟಿವಿಯಲ್ಲಿ ಗೇಮ್ ಮೋಡ್ ಆಫ್ ಇತ್ತು. ಚಿತ್ರ ಚಂದ ಕಾಣಲಿ ಅಂತ ಟಿವಿ ಏನೇನೋ ಸಂಸ್ಕರಣೆ ಮಾಡುತ್ತೆ, ಅಷ್ಟು ಹೊತ್ತು ನಾವು ಒತ್ತಿದ ಬಟನ್ ತಡವಾಗಿ ಕಾಣುತ್ತೆ. ಅದನ್ನು ಸರಿಮಾಡಿದೆ. ಕೋಟೆ ಬಿಟ್ಟು ದಕ್ಷಿಣಕ್ಕೆ ವೀಪಿಂಗ್ ಪೆನಿನ್ಸುಲಾಗೆ ಇಳಿದೆ. ಜೀವ ಹೆಚ್ಚಿಸಿಕೊಂಡೆ, ಕತ್ತಿ ಗಟ್ಟಿ ಮಾಡಿದೆ. ಮಾರ್ಗಿಟ್ ಬಿದ್ದ ರಾತ್ರಿ ನಾನು ಕೂಗಿದ ಕೂಗಿಗೆ ಅಮ್ಮ ಎದ್ದು ಬಂದರು. ಆ ಖುಷಿ ಸುಮ್ನೆ ಸಿಗೋದಿಲ್ಲ. ಕಷ್ಟ ಕಡಿಮೆ ಮಾಡುವ ಸೆಟ್ಟಿಂಗ್ ಆ ಗೇಮಿನಲ್ಲಿ ಇಲ್ಲ. ಇರಲೂಬಾರದು.

ಹುಬ್ಬಳ್ಳಿಯವ:
ಇರಲೂಬಾರದು ಅಂತ ಹೇಳೋಕೆ ನೀವ್ಯಾರ್ರೀ?

ನಾನೂ ಅದೇ ಗೇಮ್ ತಗೊಂಡೆ, ನಾಲ್ಕು ಸಾವಿರದ ಹತ್ತಿರ ಕೊಟ್ಟು. ನನ್ನ ಬಲಗೈ ಮಣಿಕಟ್ಟಿನ ಆಪರೇಷನ್ ಆಗಿದೆ. ಬೈಕಿನಿಂದ ಬಿದ್ದದ್ದು. ಪ್ಲೇಟ್, ಸ್ಕ್ರೂ, ಫಿಸಿಯೋಥೆರಪಿ ಎಲ್ಲ ಸೇರಿ 1,40,000 ದಾಟಿತು, ಇನ್ಶೂರೆನ್ಸ್ ಅರ್ಧ ಮಾತ್ರ ಕೊಟ್ಟರು. ಹೆಬ್ಬೆರಳು ಬಟನ್ನಿಂದ ಸ್ಟಿಕ್‌ಗೆ ಚಕ್ಕನೆ ಹೋಗೋದಿಲ್ಲ. ಉರುಳೋ ಬಟನ್ ಒಂದು ಕ್ಷಣ ತಡವಾದರೆ ಸಾವು. ನನ್ನ ಕೈ ಸೋತದ್ದಕ್ಕೆ ನನಗೆ ಛಲ ಇಲ್ಲ ಅಂತ ಆಗುತ್ತಾ? ಡಿಸ್ಕನ್ನು ಅರ್ಧ ಬೆಲೆಗೆ ಮಾರಿದೆ. ತಗೊಂಡ ಹುಡುಗ ಅದರಲ್ಲೂ 200 ಕಡಿಮೆ ಮಾಡಿಸಿದ.

2018ರ ಸೆಲೆಸ್ಟ್ ನೋಡಿ. ಅದೂ ಜೀವ ಹಿಂಡುವ ಗೇಮೇ. ಅದರಲ್ಲಿ ಅಸಿಸ್ಟ್ ಮೋಡ್ ಇದೆ, ಗೇಮಿನ ವೇಗವನ್ನೇ ತಗ್ಗಿಸಿಕೊಳ್ಳಬಹುದು. 2020ರ ಲಾಸ್ಟ್ ಆಫ್ ಅಸ್ ಪಾರ್ಟ್ 2ನಲ್ಲಿ ಇಂಥ ಸೌಲಭ್ಯ 60ಕ್ಕೂ ಹೆಚ್ಚು. ಕಣ್ಣು ಕಾಣದವರೂ ಮುಗಿಸಿದ್ದಾರೆ. ಅದರಿಂದ ನಿಮ್ಮ ಗೆಲುವಿನಲ್ಲಿ ಏನು ಕಡಿಮೆಯಾಯಿತು?

ಕಡಲ್ತಡಿ:
ಸರ್, ನಿಮ್ಮ ಕೈ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಎಲ್ಡನ್ ರಿಂಗಲ್ಲಿ ಸುಲಭದ ದಾರಿ ಇಲ್ಲವೇ ಇಲ್ಲ ಅನ್ನೋದು ತಪ್ಪು. ಗಂಟೆ ಬಾರಿಸಿ ಸ್ಪಿರಿಟ್ ಆಶ್ ಕರೆಯಬಹುದು, ಮೂರು ತೋಳ ಬಂದು ಬಾಸನ್ನು ಕಚ್ಚಿ ಹಿಡಿಯುತ್ತವೆ. ಬೇರೆ ಆಟಗಾರರನ್ನು ಸಹಾಯಕ್ಕೆ ಕರೆಯಬಹುದು. ದೂರ ನಿಂತು ಮಾಯೆ ಎಸೆಯಬಹುದು. ಅದನ್ನೆಲ್ಲ ಹುಡುಕಿಕೊಳ್ಳೋದೇ ಆಟ.

ಹುಬ್ಬಳ್ಳಿಯವ:
ಹುಡುಕೋಕೆ ಜೀವ ಇರಬೇಕಲ್ಲ. ಆ ಗಂಟೆ ಕೊಡೋ ಹೆಂಗಸು ಚರ್ಚ್ ಹತ್ತಿರ ರಾತ್ರಿ ಮಾತ್ರ ಬರುತ್ತಾಳೆ. ಮೊದಲು ಕುದುರೆ ಸಿಕ್ಕಿರಬೇಕು. ಇದನ್ನು ಯಾರು ಹೇಳುತ್ತಾರೆ? ಸೆಟ್ಟಿಂಗ್ಸಿನಲ್ಲಿ ಒಂದು ಸಾಲು ಹಾಕೋಕೆ ಏನು ಕಷ್ಟ?

ಸಂಜೆಮಲ್ಲಿಗೆ:
ನಾನು ಹುಬ್ಬಳ್ಳಿಯ ಅಣ್ಣನ ಕಡೆ.

ವಿಚರ್ 3 ನನಗೆ ಮೊದಲು ಒಂಚೂರೂ ಹಿಡಿಸಲಿಲ್ಲ. ವೈಟ್ ಆರ್ಚರ್ಡ್ ಊರಲ್ಲೇ ಸಾಕಾಗಿತ್ತು. ಕತ್ತಿಗೆ ಎಣ್ಣೆ ಹಚ್ಚು, ಮದ್ದು ಕುದಿಸು, ಗಿಡ ಕೀಳು. ಮಗು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಆಡುವವಳು ನಾನು, ಅಷ್ಟೆಲ್ಲ ಗಿಡ ಕೀಳೋಕೆ ಪುರುಸೊತ್ತಿಲ್ಲ. ಕಷ್ಟದ ಮಟ್ಟವನ್ನು 'ಜಸ್ಟ್ ದ ಸ್ಟೋರಿ'ಗೆ ಇಳಿಸಿದೆ. ಎಣ್ಣೆಯೂ ಬೇಡ, ಮದ್ದೂ ಬೇಡ. ವೆಲೆನ್‌ಗೆ ಬಂದೆ, ಬ್ಲಡಿ ಬ್ಯಾರನ್ ಮನೆಯೊಳಗೆ ಹೋದೆ. ಹೆಂಡತಿ ಮಗಳು ಮನೆ ಬಿಟ್ಟು ಹೋದರು ಅಂತ ಅಳುವ ಕುಡುಕ. ಯಾಕೆ ಬಿಟ್ಟು ಹೋದರು ಅನ್ನೋದು ಒಂದೊಂದೇ ಕೋಣೆ ಹುಡುಕಿದ ಹಾಗೆ ಗೊತ್ತಾಗುತ್ತೆ. ಅವನನ್ನು ಬೈಯಬೇಕೋ ಅವನಿಗೆ ಸಹಾಯ ಮಾಡಬೇಕೋ ಅಂತ ನನಗೆ ಮಾರನೇ ದಿನ ಆಫೀಸಿನಲ್ಲೂ ಅದೇ ಯೋಚನೆ. ಅಲ್ಲಿಂದ ಗೇಮ್ ನನ್ನನ್ನು ಬಿಡಲಿಲ್ಲ.

ಇದನ್ನು ಆಫೀಸಿನ ಹುಡುಗರಿಗೆ ಹೇಳಿದರೆ "ಈಸಿಯಲ್ಲಿ ಆಡಿದ್ದು ಆಡಿದ ಹಾಗಲ್ಲ ಬಿಡಿ ಮೇಡಂ" ಅಂದರು. ಎರಡು ವರ್ಷ ಆಯಿತು, ಆ ಮಾತು ಈಗಲೂ ಚುಚ್ಚುತ್ತೆ. ಅವರಲ್ಲಿ ಇಬ್ಬರು ಗೇಮಿನೊಳಗಿನ ಗ್ವೆಂಟ್ ಅನ್ನೋ ಇಸ್ಪೀಟೆಲೆ ಥರದ ಆಟ ಆಡಿಕೊಂಡು ಕಥೆಯನ್ನೇ ಮುಗಿಸಿಲ್ಲ. ನಾನು ಅದರ ಮುಂದಿನ ಕಥಾಭಾಗ ಬ್ಲಡ್ ಆ್ಯಂಡ್ ವೈನ್ ಕೂಡ ಮುಗಿಸಿದ್ದೇನೆ.

ಕಡಲ್ತಡಿ:
ಗ್ವೆಂಟ್ ಬಗ್ಗೆ ಮಾತ್ರ ಏನೂ ಹೇಳಬೇಡಿ. ಆ ಗೇಮಿನ ಜೀವವೇ ಅದು.

ಸಂಜೆಮಲ್ಲಿಗೆ:
ಜೀವ ಅಲ್ಲ. ಕಳೆದುಹೋದ ಸಾಕುಮಗಳನ್ನು ಹುಡುಕೋಕೆ ಹೊರಟವನು ಹೋಟೆಲಿನವನ ಹತ್ತಿರ ಎಲೆ ಆಡುತ್ತಾ ಕೂರುತ್ತಾನಾ? ನನಗೆ ಅದು ಸರಿಬರಲಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ:
ನನಗೆ ಹಿಡಿಸದ್ದು ಜೆಲ್ಡಾ ಬ್ರೆತ್ ಆಫ್ ದ ವೈಲ್ಡ್. ಕಷ್ಟಪಟ್ಟು ಒಳ್ಳೇ ಕತ್ತಿ ಸಂಪಾದಿಸಿದರೆ ನಾಲ್ಕು ಏಟಿಗೆ ಮುರಿಯುತ್ತೆ. ಮುರಿದೀತು ಅಂತ ಒಳ್ಳೇದನ್ನು ಬಳಸದೇ ಇಟ್ಟುಕೊಂಡು ಕೋಲಿನಲ್ಲಿ ಹೊಡೆದಾಡುವ ಹಾಗಾಯಿತು. ಊರಿಗೆ ಬಂದಾಗ ಅದನ್ನು ಆಡುತ್ತಿದ್ದ ನಿಂಟೆಂಡೋ ಸ್ವಿಚ್ ಕನ್ಸೋಲನ್ನು ಅಕ್ಕನ ಮಗನಿಗೆ ಕೊಟ್ಟೆ. ಜಾಯ್‌ಕಾನ್ (ಅದರ ಕಂಟ್ರೋಲರ್) ಸ್ಟಿಕ್ ತಾನಾಗೇ ಜರುಗೋಕೆ ಶುರುವಾಯಿತು. ನಿಂಟೆಂಡೋ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ಇರೋದೆಲ್ಲ ಆಮದು ಮಾಲು. ಹಾಗಾಗಿ ವಾರಂಟಿ ಮಾತೇ ಇಲ್ಲ. ಬೆಂಗಳೂರಿನ ಒಂದು ರಿಪೇರಿ ಅಂಗಡಿಯವರು 1,800 ತಗೊಂಡು ಸ್ಟಿಕ್ ಬದಲಿಸಿದರು, ತಿಂಗಳಿಗೆ ಮತ್ತೆ ಅದೇ ಕಥೆ. ಹುಡುಗ ಮಾತ್ರ ಮುರಿಯೋ ಕತ್ತಿಗಳ ಬಗ್ಗೆ ಒಂದು ಸಲವೂ ದೂರಿಲ್ಲ. ಸಿಕ್ಕಿದ್ದರಲ್ಲಿ ಹೊಡೆಯುತ್ತಾನೆ, ಮುರಿದರೆ ಎಸೆಯುತ್ತಾನೆ.

ದಾವಣಗೆರೆ ಸ್ಕ್ವಾಡ್:
ನಾನು ಪಬ್‌ಜಿಯವನು, ಮೊದಲೇ ಹೇಳಿಬಿಡುತ್ತೇನೆ. 2020ರ ಸೆಪ್ಟೆಂಬರಿನಲ್ಲಿ ಬ್ಯಾನ್ ಆಯಿತು. 2021ರ ಜುಲೈಯಲ್ಲಿ ಬಿಜಿಎಂಐ ಅನ್ನೋ ಹೊಸ ಹೆಸರಲ್ಲಿ ಬಂತು, 2022ರ ಜುಲೈಯಲ್ಲಿ ಮತ್ತೆ ಸ್ಟೋರಿನಿಂದ ಮಾಯ. ಆ ಖಾಲಿ ತಿಂಗಳುಗಳಲ್ಲಿ ಎಲ್ಲರೂ ಹೇಳೋ ದೊಡ್ಡ ಗೇಮ್ ಆಡೇಬಿಡೋಣ ಅಂತ ಸೆಕೆಂಡ್ ಹ್ಯಾಂಡ್ ಪಿಎಸ್4 ತಗೊಂಡೆ, 14,500. ಫ್ಯಾನ್ ಮಿಕ್ಸಿ ಥರ ಸದ್ದು ಮಾಡುತ್ತಿತ್ತು, ಒಳಗೆ ಬಿಸಿ ತಗ್ಗಿಸೋ ಪೇಸ್ಟ್ ಬದಲಿಸೋಕೆ 900. ನಾನು ಆಡಿದ್ದೂ ರೆಡ್ ಡೆಡ್ 2. ರಾತ್ರಿ ಒಬ್ಬನೇ ಕುದುರೆ ಮೇಲೆ ಹೋಗುತ್ತಿದ್ದರೆ ಕಿವಿಯಲ್ಲಿ ಯಾರ ದನಿಯೂ ಇಲ್ಲ. ನನಗೆ ಅದೇ ಆಗಲಿಲ್ಲ. ನಾವು ನಾಲ್ಕು ಜನ ಪಿಯುಸಿಯಿಂದ ಜೊತೆಗೆ. ಒಬ್ಬ ಪುಣೆ, ಒಬ್ಬ ದುಬೈ. ದಿನಾ ಮಾತಾಡೋದು ಪಬ್‌ಜಿ ಆಡುವಾಗಲೇ. 2023ರ ಮೇಯಲ್ಲಿ ಬಿಜಿಎಂಐ ವಾಪಸ್ ಬಂದ ದಿನ ಪಿಎಸ್4 ಮಾರಿದೆ.

ಮಲ್ನಾಡ್ ಮಳೆ:
ಮೊಬೈಲ್ ಗೇಮನ್ನು ಇಲ್ಲಿ ಎಳೆದು ತರಬೇಡಿ. ಇಲ್ಲಿ ಕೇಳಿದ್ದು ಕಥೆ ಇರೋ ಗೇಮ್ ಬಗ್ಗೆ.

ದಾವಣಗೆರೆ ಸ್ಕ್ವಾಡ್:
ಕೇಳಿದ್ದು ಹಿಡಿಸದ ಗೇಮ್ ಬಗ್ಗೆ. ನಾನೂ ಅದೇ ಗೇಮಿಗೆ ದುಡ್ಡು ಸುರಿದವನು. ಮೊಬೈಲ್ ಅಂದ ಕೂಡಲೇ ಕೀಳು ಅನ್ನೋದು ಬಿಡಿ. ನಮ್ಮ ಕಡೆ ಎಷ್ಟು ಮನೆಯಲ್ಲಿ ಕಂಪ್ಯೂಟರ್ ಇದೆ? ನಿಮ್ಮ ಎಸ್‌ಎಸ್‌ಡಿ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ನಮ್ಮಲ್ಲಿ ಒಂದು ಫೋನ್ ಬರುತ್ತೆ.

ರಾತ್ರಿಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ಒಂದು ಮಾತು ಮಾತ್ರ ಯಾರಾದರೂ ಹೇಳಿ. ಎರಡನೇ ಅಧ್ಯಾಯದಿಂದ ಮುಂದೆ ಓಡಾಟ ಕಡಿಮೆ ಆಗುತ್ತಾ? ನನ್ನ ಹತ್ತಿರ ಇರೋದು ಒಂದೇ ಗಂಟೆ.

ಹಳೇ ಸವಾರ:
ಕಡಿಮೆ ಆಗೋದಿಲ್ಲ. ಆದರೆ ದಾರಿ ಇದೆ. ಕ್ಯಾಂಪಿನ ಲೆಕ್ಕದ ಪುಸ್ತಕ ಲೆಡ್ಜರಿನಲ್ಲಿ ಮೊದಲು ಗ್ಯಾಂಗಿನ ನಾಯಕ ಡಚ್‌ನ ಗುಡಾರ ಸುಧಾರಿಸಿ, ಆಮೇಲೆ ನೀವು ಆಡುವ ಪಾತ್ರ ಆರ್ಥರ್‌ನದು. ಆಗ ಗುಡಾರದ ಪಕ್ಕ ಒಂದು ನಕ್ಷೆ ಬರುತ್ತೆ, ಅದರಿಂದ ನೋಡಿದ ಊರಿಗೆ ನೇರ ಹೋಗಬಹುದು. ವಾಪಸ್ ಬರೋಕೆ ರೈಲು, ಕೋಚ್ ಇವೆ. ನಕ್ಷೆಯಲ್ಲಿ ಗುರುತು ಹಾಕಿ, ಕುದುರೆ ಓಡಿಸುತ್ತಾ ಸಿನಿಮ್ಯಾಟಿಕ್ ಕ್ಯಾಮೆರಾಗೆ ಹೋದರೆ ಕುದುರೆ ತಾನಾಗೇ ದಾರಿ ಹಿಡಿಯುತ್ತೆ. ಇಳಿಯುವಾಗ ತಡಿಯಿಂದ ಬಂದೂಕು ತಗೊಳ್ಳೋದು ನೆನಪಿರಲಿ. ಬಂದೂಕು ಕುದುರೆ ಮೇಲೇ ಉಳಿದರೆ ಪಿಸ್ತೂಲೇ ಗತಿ.

ನಾನು 2018ರ ಅಕ್ಟೋಬರಿನಲ್ಲಿ, ಬಂದ ಹೊಸತರಲ್ಲೇ ಆಡಿದವನು. ಆ ನಿಧಾನಕ್ಕೇ ನಾನು ಮನಸೋತದ್ದು. ಮಲ್ನಾಡಿನವರು ಮಿಶನ್ ಬಗ್ಗೆ ಹೇಳಿದ್ದು ನಿಜ, ಆದರೆ ಅವರು ಮಿಶನ್ ಬಿಟ್ಟು ಬೇರೇನೂ ಆಡಿದ ಹಾಗಿಲ್ಲ.

ಮಲ್ನಾಡ್ ಮಳೆ:
ನಾನು ಮೀನು ಹಿಡಿದಿದ್ದೇನೆ, ಬೇಟೆ ಆಡಿದ್ದೇನೆ, ದರೋಡೆ ಮಾಡಿದ್ದೇನೆ. ಗೊತ್ತಿಲ್ಲದೆ ಹೇಳಬೇಡಿ. ಬೇಟೆಯಲ್ಲೂ ಮೂರು ನಕ್ಷತ್ರದ ಚರ್ಮ ಬೇಕಂದ್ರೆ ಸರಿಯಾದ ಬಂದೂಕು, ಸರಿಯಾದ ಗುಂಡು. ಒಂದು ಏಟು ತಪ್ಪಿದರೆ ಚರ್ಮ ಹಾಳು, ಇನ್ನೊಂದು ಜಿಂಕೆ ಹುಡುಕಬೇಕು.

ಹಳೇ ಸವಾರ:
ಬೇಟೆ ಅಂದ್ರೆ ಹಾಗೇ ಅಲ್ವಾ?

ಕಡಲ್ತಡಿ:
ಅದೇ ನಾನೂ ಹೇಳಿದ್ದು. ಕಷ್ಟ ತೆಗೆದರೆ ಉಳಿಯೋದೇನು?

ಹುಬ್ಬಳ್ಳಿಯವ:
ಮತ್ತೆ ಅಲ್ಲಿಗೇ ಬಂದಿರಾ. ಇದೇ ರೆಡ್ ಡೆಡ್ 2ನಲ್ಲಿ ಒಂದೇ ಮಿಶನ್ ಮತ್ತೆ ಮತ್ತೆ ಸೋತರೆ ಚೆಕ್‌ಪಾಯಿಂಟ್ ದಾಟಿಸಿ ಮುಂದೆ ಕಳಿಸುತ್ತಾರೆ. ಗುರಿ ಹಿಡಿಯೋದನ್ನೂ ಗೇಮೇ ನೋಡಿಕೊಳ್ಳೋ ಹಾಗೆ ಸೆಟ್ಟಿಂಗ್ ಇದೆ. ನಾನು ಆ ಗೇಮನ್ನು ಇದೇ ಕೈಯಲ್ಲಿ ಮುಗಿಸಿದ್ದೇನೆ, ಎಪಿಲಾಗ್ ಸಮೇತ. ನಿಮ್ಮ ಮಾರ್ಗಿಟ್‌ನ ಗೇಮ್ ಮಾಡಿದವರಿಗೆ ಇದು ಯಾಕೆ ಆಗಲಿಲ್ಲ, ಅದಕ್ಕೆ ಉತ್ತರ ಹೇಳಿ.