ಸರ್ವರ್‌ಗೆ ದೂರದಿಂದ ಬರುವವರಿಗೆ ಒಂದೇ ತಂತ್ರಾಂಶ ಸಿಗುವಂತೆ ಮಾಡುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ನಮ್ಮ ಲೆಕ್ಕಪರಿಶೋಧಕರ ಕಚೇರಿಯ ಹನ್ನೆರಡು ಮಂದಿ ಸಿಬ್ಬಂದಿ ಮನೆಯಿಂದಲೇ ವಿಂಡೋಸ್ ಸರ್ವರ್ 2019ಕ್ಕೆ ಸಂಪರ್ಕಿಸಿ, ಅದರಲ್ಲಿರುವ ಲೆಕ್ಕದ ತಂತ್ರಾಂಶವನ್ನು ಬಳಸುತ್ತಾರೆ. ಬೇರೇನೂ ಅವರ ಕೈಗೆ ಸಿಗಬಾರದೆಂದು ಅದನ್ನು ರಿಮೋಟ್‌ಆ್ಯಪ್ (ಸರ್ವರ್‌ನ ಇಡೀ ಡೆಸ್ಕ್‌ಟಾಪಿನ ಬದಲು ಒಂದು ತಂತ್ರಾಂಶದ ಕಿಟಕಿಯನ್ನಷ್ಟೇ ತೋರಿಸುವ ವ್ಯವಸ್ಥೆ) ಆಗಿ ಕೊಟ್ಟಿದ್ದೇನೆ. ಆದರೆ ಸಿಬ್ಬಂದಿಯ ಖಾತೆಯಿಂದ ನಾನೇ ಪರೀಕ್ಷಿಸಿದಾಗ, ಕಡತ ತೆರೆಯುವ ಕಿಟಕಿಯ ಮೂಲಕ ವಿಂಡೋಸ್‌ನ ಸಿಸ್ಟಂ32 ಫೋಲ್ಡರ್‌ಗೆ ಹೋಗಿ, ಆಜ್ಞೆಗಳನ್ನು ಟೈಪಿಸಿ ಗಣಕವನ್ನು ನಡೆಸುವ ಕಮಾಂಡ್ ಪ್ರಾಂಪ್ಟ್ ತೆರೆಯಲು ಸಾಧ್ಯವಾಯಿತು. ಗ್ರಾಹಕರ ಲೆಕ್ಕಗಳೆಲ್ಲ ಅಲ್ಲಿಯೇ ಇರುವುದರಿಂದ ಆತಂಕವಾಗಿದೆ. ಈ ದಾರಿಯನ್ನು ಮುಚ್ಚುವುದು ಹೇಗೆ?

ಉತ್ತರ 1:
ರಿಮೋಟ್‌ಆ್ಯಪ್ ಡೆಸ್ಕ್‌ಟಾಪನ್ನು ಮರೆಮಾಡುತ್ತದೆಯೇ ಹೊರತು ಬಳಕೆದಾರರ ಅಧಿಕಾರವನ್ನು ಕಡಿಮೆ ಮಾಡುವುದಿಲ್ಲ. ಆ ಒಂದು ಕಿಟಕಿಯ ಹಿಂದೆ ಪೂರ್ಣ ಸೆಷನ್ನೇ ನಡೆಯುತ್ತಿರುತ್ತದೆ. ತಡೆಯಬೇಕಾದದ್ದು ಪ್ರೋಗ್ರಾಂ ಚಾಲನೆಗೊಳ್ಳುವ ಹಂತದಲ್ಲಿ, ಅಂದರೆ ಆ್ಯಪ್‌ಲಾಕರ್‌ನಲ್ಲಿ (ಯಾರು ಯಾವ ಪ್ರೋಗ್ರಾಂ ನಡೆಸಬಹುದೆಂದು ನಿಯಮ ಹಾಕುವ ವಿಂಡೋಸ್ ಸೌಲಭ್ಯ). ಅದರ ಪೂರ್ವನಿಯೋಜಿತ ನಿಯಮಗಳು ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗಳಲ್ಲಿರುವ ಎಲ್ಲವನ್ನೂ ಎಲ್ಲರಿಗೂ ಬಿಟ್ಟುಕೊಡುವುದರಿಂದ ಅವಷ್ಟೇ ಸಾಲವು. ಈ ಹನ್ನೆರಡು ಖಾತೆಗಳಿಗೆಂದೇ ಒಂದು ಗುಂಪು ಮಾಡಿ, ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್ ಮೊದಲಾದವುಗಳಿಗೆ ಆ ಗುಂಪಿನ ಮೇಲೆ ಮಾತ್ರ ನಿರಾಕರಣೆಯ ನಿಯಮ ಹಾಕಿ. ನಿರಾಕರಣೆಯು ಅನುಮತಿಯನ್ನು ಮೀರುತ್ತದೆ. ಅದನ್ನು ‘ಎವ್ರಿವನ್’ ಮೇಲೆ ಹಾಕಿದರೆ ನಿರ್ವಾಹಕರಾದ ನೀವೂ ಹೊರಗುಳಿಯುತ್ತೀರಿ. ವಿಂಡೋಸ್‌ನ ಅಪ್ಲಿಕೇಶನ್ ಐಡೆಂಟಿಟಿ ಸೇವೆ ಚಾಲನೆಯಲ್ಲಿರದಿದ್ದರೆ ಯಾವ ನಿಯಮವೂ ಜಾರಿಯಾಗದು. ಮೊದಲ ಕೆಲವು ದಿನ ಏನನ್ನೂ ತಡೆಯದೆ ದಾಖಲಿಸುವಷ್ಟೇ ಮಾಡುವ ‘ಆಡಿಟ್ ಓನ್ಲಿ’ ಸ್ಥಿತಿಯಲ್ಲಿಟ್ಟು, ಈವೆಂಟ್ ವ್ಯೂವರ್‌ನಲ್ಲಿ 8003 ಸಂಖ್ಯೆಯ ದಾಖಲೆಗಳನ್ನು (ನಿಯಮ ಜಾರಿಯಾಗಿದ್ದರೆ ತಡೆಯಲ್ಪಡುತ್ತಿದ್ದ ಪ್ರೋಗ್ರಾಂಗಳನ್ನು) ನೋಡುತ್ತಿರಿ.

ಉತ್ತರ 2:
ಮೇಲಿನ ಸಲಹೆ ಸರಿಯಾದದ್ದು, ಆದರೆ ಅದು ದತ್ತಾಂಶದ ನಕಲನ್ನು ತಡೆಯುವುದಿಲ್ಲ. ತಂತ್ರಾಂಶ ನಡೆಯುವುದು ಬಳಕೆದಾರರ ಹೆಸರಿನಲ್ಲೇ ಆದ್ದರಿಂದ, ಲೆಕ್ಕದ ಕಡತಗಳು ಸಾಮಾನ್ಯ ಫೋಲ್ಡರ್‌ನಲ್ಲಿದ್ದರೆ ಅಲ್ಲಿ ಅವರಿಗೆ ಬರೆಯುವ ಅನುಮತಿ ಇರಲೇಬೇಕಾಗುತ್ತದೆ; ಮನೆಯ ಗಣಕದ ಡ್ರೈವ್ ಸೆಷನ್ನಿಗೆ ಜೋಡಣೆಯಾಗಿದ್ದರೆ ಅದೇ ಕಿಟಕಿಯಿಂದ ಇಡೀ ಫೋಲ್ಡರನ್ನು ಅಲ್ಲಿಗೆ ಒಯ್ಯಬಹುದು. ಗ್ರೂಪ್ ಪಾಲಿಸಿಯಲ್ಲಿ ಡ್ರೈವ್ ಮತ್ತು ಕ್ಲಿಪ್‌ಬೋರ್ಡ್ ಜೋಡಣೆಯನ್ನು ನಿಲ್ಲಿಸಿ. ದೂರಸಂಪರ್ಕಕ್ಕೆ ಬಳಕೆಯಾಗುವ 3389 ಪೋರ್ಟ್ ನೇರವಾಗಿ ಅಂತರಜಾಲಕ್ಕೆ ತೆರೆದಿದ್ದರೆ ಇಂದೇ ಮುಚ್ಚಿ, ವಿಪಿಎನ್ (ಗೂಢಲಿಪೀಕರಿಸಿದ ಖಾಸಗಿ ಸಂಪರ್ಕ) ಮೂಲಕವೇ ಬರುವಂತೆ ಮಾಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. 8003ರ ದಾಖಲೆಗಳಲ್ಲಿ ನಮ್ಮ ಲೆಕ್ಕದ ತಂತ್ರಾಂಶವೇ ಕಾಣಿಸಿತು, ಏಕೆಂದರೆ ಅದನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಲ್ಲದೆ ಡಿ ಡ್ರೈವ್‌ನಲ್ಲಿ ದತ್ತಾಂಶದ ಜೊತೆಗೇ ಸ್ಥಾಪಿಸಲಾಗಿದೆ. ಆ ಫೋಲ್ಡರ್‌ನ ವಿಳಾಸಕ್ಕೆ ಅನುಮತಿ ಕೊಟ್ಟರೆ ಸಾಕಲ್ಲವೇ?

ಉತ್ತರ 1:
ದಯವಿಟ್ಟು ಹಾಗೆ ಮಾಡಬೇಡಿ. ಸಿಬ್ಬಂದಿ ಬರೆಯಬಲ್ಲ ಫೋಲ್ಡರ್‌ಗೆ ವಿಳಾಸದ ಆಧಾರದಲ್ಲಿ ಅನುಮತಿ ಕೊಟ್ಟರೆ, ಅಲ್ಲಿ ತಂದಿಟ್ಟ ಯಾವ ಪ್ರೋಗ್ರಾಂ ಆದರೂ ನಡೆಯುತ್ತದೆ. ತಂತ್ರಾಂಶಕ್ಕೆ ತಯಾರಕರ ಡಿಜಿಟಲ್ ಸಹಿ ಇದ್ದರೆ ಆ ಸಹಿಯನ್ನು ನೋಡಿ ಅನುಮತಿಸುವ ಪಬ್ಲಿಷರ್ ನಿಯಮ ಬರೆಯಿರಿ. ಸಹಿ ಇಲ್ಲದಿದ್ದರೆ ಹ್ಯಾಶ್ ನಿಯಮವೇ (ಕಡತದ ಒಳವಿಷಯದಿಂದ ಲೆಕ್ಕಹಾಕಿದ ಗುರುತನ್ನು ನೋಡುವ ನಿಯಮ) ಗತಿ. ಅದನ್ನು ಪ್ರತಿ ಹೊಸ ಆವೃತ್ತಿಗೂ ಮತ್ತೆ ಬರೆಯಬೇಕಾಗುತ್ತದೆ.